ಚೌಡಾಪುರ ಕ್ರಾಸಿನ ಕದ

ಪಂಚಶೀಲಾ ಚೌಡಾಪುರ ಕ್ರಾಸಿನಲ್ಲಿ ಬಂದವರಿಗೆಲ್ಲ ಚಹಾ ಕುಡಿಸುವ ಹೆಂಗಸು. ಆಕೆ ಮಾತ್ರ ಹೊತ್ತು ಮುಳುಗುವ ತನಕ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ವ್ರತವಲ್ಲ, ಹರಕೆಯಲ್ಲ. ಕುಡಿದರೆ ಹೋಗಬೇಕು, ಹೋಗಲಿಕ್ಕೆ ಜಾಗ ಇಲ್ಲ. ವಿಷಯ ಇಷ್ಟೇ. ಇದನ್ನು ಸುತ್ತಿ ಬಳಸಿ ಹೇಳುವವರು ಹೇಳಿಕೊಳ್ಳಲಿ, ಪಂಚಶೀಲಾಗೆ ಆ ಚಟ ಇರಲಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು "ಉಚ್ಚಿ ಹೊಯ್ಯಾಕ ಜಾಗ ಬೇಕ್ರಿ ನಮಗ" ಎಂದವಳು ಆಕೆ. ಸಭೆಯ ಗಂಡಸರು ನಾಚಿ ನೆಲ ನೋಡಿದರು. ಅವರೇ ಜರಾ ಹೊತ್ತಿನ ಹಿಂದೆ, ಸಭೆ ಸೇರಿದ್ದ ಶಾಲೆಯ ಹಿಂದಿನ ಗ್ವಾಡಿಗೆ ಸಾಲಾಗಿ ನಿಂತು ಹೊಯ್ದು ಬಂದಿದ್ದರು.

ಆಕೆ ಹುಟ್ಟಿದ್ದು ಆಳಂದ ತಾಲ್ಲೂಕಿನ ಸರಸಂಬಾದಲ್ಲಿ, ಕೊಟ್ಟದ್ದು ಚೌಡಾಪುರಕ್ಕೆ. ಗಂಡ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಹಂಗಾಮು ಮುಗಿದ ಮೇಲೆ ಮಲಗುತ್ತಾನೆ. ಎರಡನ್ನೂ ಮನಸ್ಸಿಟ್ಟು ಮಾಡುತ್ತಾನೆ. ಅಂಗಡಿ ಪೂರಾ ಆಕೆಯದೇ. ನಾಲ್ಕು ಕಂಬ, ಮೇಲೊಂದು ತಗಡು, ಒಂದು ಒಲೆ, ಮಿರ್ಚಿ ಭಜಿಯ ಬಾಣಲೆ, ಬೆಳಗಿನ ಚುರುಮುರಿ ಸುಸಲಾ. ಗಾಣಗಾಪುರಕ್ಕೆ ಹೋಗುವ ಬಸ್ಸುಗಳು ಅಲ್ಲಿ ನಿಲ್ಲುತ್ತವೆ. ಸೊಲ್ಲಾಪುರದ ಕಡೆಯ ಭಕ್ತರು ಇಳಿಯುತ್ತಾರೆ, ಕುಡಿಯುತ್ತಾರೆ, ತಿನ್ನುತ್ತಾರೆ. ಗಂಡಸರು ಹಾಗೇ ಬದಿಗೆ ಹೋಗಿ ಹಗುರಾಗಿ ಬರುತ್ತಾರೆ. ಗಂಡಸಿಗೆ ಇಡೀ ಅಫಜಲಪುರ ತಾಲ್ಲೂಕೇ ಮೂತ್ರಿಖಾನೆ. ಹೆಂಗಸರು ಸೀರೆಯ ಸೆರಗು ಹಿಂಡುತ್ತ ನಾಲ್ಕೂ ದಿಕ್ಕು ನೋಡಿ ಮತ್ತೆ ಬಸ್ಸು ಹತ್ತುತ್ತಾರೆ.

ಪಂಚಶೀಲಾಳ ಪಂಚಾಂಗವೇ ಬೇರೆ. ಅದರಲ್ಲಿ ಎರಡೇ ಕಾಲ. ತೊಗರಿ ನಿಂತ ಕಾಲ, ತೊಗರಿ ಕೊಯ್ದ ಕಾಲ. ತೊಗರಿ ಎದೆಯುದ್ದ ಬೆಳೆದು ನಿಂತಾಗ ಅಂಗಡಿಯ ಹಿಂದಿನ ಹೊಲವೇ ಮರೆ. ಎಳ್ಳಮಾಸಿಯ ಅಮಾವಾಸ್ಯೆ ದಾಟಿ ಕೊಯ್ಲು ಮುಗಿಯಿತೋ, ಹೊಲ ಬೋಳು ತಲೆಯಂತಾಗುತ್ತದೆ. ಆಮೇಲೆ ಉಳಿಯುವುದು ಹೊತ್ತು ಮುಳುಗಿದ ಮೇಲಿನ ಜಾಲಿ ಕಂಟಿ. ಮನೆ ಊರಿನ ಆ ತುದಿಗೆ. ಹೋಗಿ ಬರುವಷ್ಟರಲ್ಲಿ ಎರಡು ಬಸ್ಸು ಬಂದು ಹೋಗಿರುತ್ತವೆ, ಭಜಿ ನಾಯಿಯ ಪಾಲಾಗಿರುತ್ತದೆ.

ಹೋದ ಬೇಸಿಗೆಯಲ್ಲಿ ಉರಿಮೂತ್ರ ಹಿಡಿದು ಜ್ವರ ಬಂದು ಮಲಗಿದಳು. ದವಾಖಾನೆಯ ಡಾಕ್ಟರಮ್ಮ ಬೈದಳು: "ನೀರು ಕುಡಿಯಬೇಕು, ತಡಕೋಬಾರದು. ಹಿಂಗೇ ಮಾಡಿದ್ರ ಕಿಡ್ನಿ ಹೋಗ್ತದ. ಇಲ್ಲಾಂದ್ರ ಅಂಗಡಿ ಬಿಡು."

"ಅಂಗಡಿ ಬಿಟ್ರ ಹೊಟ್ಟಿ ಹೋಗ್ತದ್ರಿ ಅಮ್ಮಾ," ಎಂದಳು ಪಂಚಶೀಲಾ. "ಕಿಡ್ನಿ ಎರಡ ಅವಂತ, ಹೊಟ್ಟಿ ಒಂದ ಅದ."

ಹೇಳುವುದು ಹೇಳಿದಳು, ಆದರೆ ಅಂಜಿಕೆ ಒಳಗೆ ಹೊಕ್ಕಿತ್ತು. ಮುಂದಿನ ತೊಗರಿ ಕೊಯ್ಲಿನ ಒಳಗೆ ಒಂದು ಜಾಗ ಆಗಬೇಕು. ಆಗದಿದ್ದರೆ ಅಂಗಡಿ ಎತ್ತಬೇಕು.

ಹಾಗಂತ ಚೌಡಾಪುರದಲ್ಲಿ ಹೆಂಗಸರ ಪಾಯಖಾನೆ ಇರಲಿಲ್ಲವೆಂದಲ್ಲ. ಇತ್ತು. ಅಂಗಡಿಯಿಂದ ರಸ್ತೆ ದಾಟಿದರೆ ಗಟ್ಟಿಮುಟ್ಟಾಗಿ ನಿಂತಿತ್ತು. ಗ್ವಾಡಿ, ಮಾಳಿಗೆ, ಗುಂಡಿ, ಒಳಗೆ ಬಿಳಿ ಬೇಸಿನ್, ಹೊರಗೆ ಬಣ್ಣದಲ್ಲಿ ಸೀರೆ ಉಟ್ಟ ಹೆಂಗಸಿನ ಚಿತ್ರ. ಕದ ಒಂದಿರಲಿಲ್ಲ.

ಅದನ್ನು ಕಟ್ಟಿಸಿದವರು ದೌಲತರಾಯರು. ರಿಟೈರಾದ ಇಂಜಿನಿಯರ್. ಹಣೆಗೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಮೂರು ಪೆನ್ನು, ಊರಲ್ಲಿ ದೊಡ್ಡ ಜಮೀನು. ಪಂಚಾಯ್ತಿಯಲ್ಲಿ ಅವರಿಗೆ ಹುದ್ದೆ ಏನೂ ಇಲ್ಲ, ಅವರನ್ನು ಕೇಳದೆ ಒಂದು ಇಟ್ಟಂಗಿಯೂ ಅಲುಗುವುದಿಲ್ಲ. ಅವರದು ಹಳೆಯ ಪದ್ಧತಿ. ಮೊದಲು ನಕಾಶೆ, ಆಮೇಲೆ ಎಸ್ಟಿಮೇಟು, ಆಮೇಲೆ ಮಂಜೂರಿ, ಆಮೇಲೆ ಟೆಂಡರು, ಆಮೇಲೆ ಹಂತ ಹಂತವಾಗಿ ಕೆಲಸ. ಒಂದು ಹಂತ ಮುಗಿಯದೆ ಇನ್ನೊಂದು ಹಂತಕ್ಕೆ ಕಾಲಿಡುವಂತಿಲ್ಲ. "ಕಾಗದದ ಮ್ಯಾಲ ನಿಂತದ್ದು ನೆಲದ ಮ್ಯಾಲ ನಿಂತೇ ನಿಲ್ತದ" ಎನ್ನುವುದು ಅವರ ಮಾತು. ನಿಂತಿತ್ತು, ಸುಳ್ಳಲ್ಲ.

ಮೊದಲ ಹಂತದಲ್ಲಿ ಗುಂಡಿ, ಬೇಸಿನ್ನು, ಗ್ವಾಡಿ, ಮಾಳಿಗೆ, ಕಬ್ಬಿಣದ ಚೌಕಟ್ಟು, ಅದಕ್ಕೆ ಮೇಲಿನಿಂದ ಕದ ಕೂಡ್ರಿಸುವ ನೆಟ್ಟಗಿನ ಎರಡು ಮೊಳೆ. ಎರಡನೇ ಹಂತದಲ್ಲಿ ಕದ ಮತ್ತು ನೀರಿನ ಟಾಕಿ. ಎರಡನೇ ಹಂತ ಮಂಜೂರಾಗಬೇಕಾದರೆ ಮೊದಲ ಹಂತವನ್ನು ಊರ ಹೆಂಗಸರು ಬಳಸುತ್ತಿದ್ದಾರೆ ಎಂಬ ವರದಿ ಮೇಲೆ ಹೋಗಬೇಕು. ಹೆಂಗಸರು ಬಳಸಲಿಲ್ಲ, ಯಾಕೆಂದರೆ ಕದ ಇಲ್ಲ. ಕದ ಬರಲಿಲ್ಲ, ಯಾಕೆಂದರೆ ಹೆಂಗಸರು ಬಳಸಲಿಲ್ಲ.

"ನೀವು ಬಳಸ್ರಿ, ನಾ ಬರಿತೇನಿ," ಎಂದರು ದೌಲತರಾಯರು.

"ಹ್ಯಾಂಗ ಬಳಸೂದ್ರಿ ಸಾಹೇಬ್ರ? ಎದುರಿಗಿ ಬಸ್ ನಿಲ್ತದ," ಎಂದಳು ಪಂಚಶೀಲಾ.

"ಅದು ನಿಮ್ಮ ಮಾನಸಿಕತೆ ಬೇ. ಕಾಮಗಾರಿದಾಗ ಏನೂ ದೋಷ ಇಲ್ಲ."

ಪಕ್ಕದಲ್ಲಿ ಹೂ, ಬಾಳೆಹಣ್ಣು ಮಾರುವ ಹುಸೇನಬೀ ಒಮ್ಮೆ ಗೋಣಿಚೀಲ ಬಿಚ್ಚಿ ಪರದೆ ಕಟ್ಟಿದ್ದಳು. ಬಸ್ಸು ಹೋದ ಗಾಳಿಗೆ ಅದು ಹಾರಿ ಹೆಂಗಸರ ಮರ್ಯಾದೆಯನ್ನು ಇನ್ನಷ್ಟು ಚಂದ ತೋರಿಸಿತು. ಮೇಲಾಗಿ, ತಪಾಸಣೆಯವರು ಬರುತ್ತಾರೆಂದು ಪಂಚಾಯ್ತಿಯವರು ಅದನ್ನೂ ಕಿತ್ತು ಒಯ್ದರು. ಸರ್ಕಾರಿ ಚೌಕಟ್ಟಿಗೆ ಖಾಸಗಿ ಚೀಲ ಕಟ್ಟುವಂತಿಲ್ಲವಂತೆ. ಆಮೇಲೆ ಆ ಜಾಗವನ್ನು ನಾಲ್ಕು ಮಂದಿ ಇಸ್ಪೀಟು ಆಡುವವರು ಹಿಡಿದರು. ನೆರಳಿತ್ತು, ತಂಪಿತ್ತು. ಬೇಸಿನ್ನಿನ ಮೇಲೆ ಹಲಗೆ ಹಾಕಿ ಎಲೆ ಹಾಕುತ್ತಿದ್ದರು. ಆ ಕಟ್ಟಡವನ್ನು ಮನಸಾರೆ ಬಳಸಿದವರು ಅವರಷ್ಟೇ, ಅವರ ಹೆಸರು ವರದಿಗೆ ಬರುವಂತಿರಲಿಲ್ಲ.

ಇಂಥ ಹೊತ್ತಿನಲ್ಲಿ ವಿಕ್ರಮ ಬಂದ.

ಯಾವುದೋ ದೊಡ್ಡ ಸಂಸ್ಥೆಯ ಹುಡುಗ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲ್ಲೂಕಿಗೆ ಪ್ರಾಜೆಕ್ಟ್ ಮ್ಯಾನೇಜರು. ಕಾಲಲ್ಲಿ ಬಿಳಿ ಬೂಟು, ಬಗಲಲ್ಲಿ ಲ್ಯಾಪ್‌ಟಾಪು, ಮೊಗದಲ್ಲಿ ಮೂರು ಹೊತ್ತೂ ನಗು. ಹುಡುಗ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎದುರಿಸುವುದು ಸಲೀಸಿತ್ತು. ಗ್ರಾಮಸಭೆಯಲ್ಲಿ ನಿಂತು ತನ್ನ ಪದ್ಧತಿ ಹೇಳಿದ. ಅದಕ್ಕೆ ಅಜೈಲ್ ಅಂತ ಹೆಸರು.

"ಹಳೇ ಪದ್ಧತಿಯೊಳಗ ಎಲ್ಲಾ ಮೊದಲೇ ಬರದು, ಎಲ್ಲಾ ಮುಗಿದ ಮ್ಯಾಲ ಕೈಗೆ ಕೊಡ್ತಾರ. ಅಷ್ಟೊತ್ತಿಗಿ ವರ್ಷಗಟ್ಟಲೆ ಹೋಗಿರ್ತದ. ನಮ್ಮದು ಹಂಗಲ್ಲ. ಎರಡ ವಾರಕ್ಕ ಒಂದು ಸಣ್ಣ ಕೆಲಸ. ಅದಕ್ಕ ಸ್ಪ್ರಿಂಟ್ ಅಂತೇವಿ. ಬಳಸೋರಿಗೆ ಏನು ಎಲ್ಲಕ್ಕಿಂತ ಹೆಚ್ಚು ಬೇಕೋ ಅದನ್ನ ಮೊದಲ ಮಾಡಿ ಕೊಡ್ತೇವಿ. ನೀವು ಬಳಸಿ ಹೆಂಗದ ಅಂತ ಹೇಳ್ರಿ. ಅದರ ಮ್ಯಾಲ ಮುಂದಿನದು."

ದೌಲತರಾಯರು ಕುಂತಲ್ಲೇ ಕೆಮ್ಮಿದರು. "ಅಂದ್ರ ಪಾಯಾ ಮ್ಯಾಲ, ಮಾಳಗಿ ಕೆಳಗ?"

"ಬೇಕಂದ್ರ ಹಂಗೂ ಮಾಡಬಹುದು ಸರ್. ಮನಸ್ಸು ತೆರೆದಿಡಬೇಕು."

"ತಮ್ಮಾ, ತೆರೆದಿಟ್ಟದ್ದಕ್ಕೇ ಎಂಟ ವರ್ಷದಿಂದ ಆ ಕಟ್ಟಡ ಹಂಗ ಅದ," ಎಂದಳು ಹಿಂದಿನಿಂದ ಹುಸೇನಬೀ. ಹೆಂಗಸರು ನಕ್ಕರು. ದೌಲತರಾಯರು ನಗಲಿಲ್ಲ.

ಪಂಚಾಯ್ತಿ ಅಧ್ಯಕ್ಷ ಗುರುಶಾಂತ ಗೌಡ ಎರಡೂ ಕಡೆ ತಲೆಯಾಡಿಸುವ ಮನುಷ್ಯ. ಹಳೆಯದೋ ಹೊಸದೋ, ಕೈ ಎತ್ತಿ ಹೇಳಿ ಎಂದ. ಹೊಸದಕ್ಕೆ ಮೊದಲು ಎದ್ದ ಕೈ ಪಂಚಶೀಲಾಳದು. ಆಕೆಯ ಕೈ ನೋಡಿ ಉಳಿದ ಹೆಂಗಸರ ಕೈ ಎದ್ದವು. ಗಂಡಸರು ಸಂಸ್ಥೆಯವರು ತರಿಸಿದ್ದ ಊಟದ ಕಡೆ ನೋಡಿ ಕೈ ಎತ್ತಿದರು.

ವಿಕ್ರಮ ಖುಷಿಯಾಗಿ ಪಂಚಶೀಲಾಳನ್ನೇ ಕೇಳಿದ. "ಅಕ್ಕಾ, ನಿಮಗ ಎಲ್ಲಕ್ಕಿಂತ ಮೊದಲ ಏನು ಬೇಕು? ಒಂದೇ ಮಾತಿನ್ಯಾಗ ಹೇಳ್ರಿ."

ಪಂಚಶೀಲಾ ವಿಚಾರ ಮಾಡಲೇ ಇಲ್ಲ. "ಕದ," ಎಂದಳು. "ಒಳಗಿಂದ ಚಿಲಕ ಇರೋ ಕದ."

ಆಕೆ ತಪ್ಪಿದ್ದು ಅಲ್ಲಿ. ಯಾವ ಗ್ವಾಡಿಗೆ ಎಂದು ಹೇಳಲಿಲ್ಲ. ಕದ ಎಂದಮೇಲೆ ಅದರ ಹಿಂದೆ ಗ್ವಾಡಿ ಇರುತ್ತದೆ ಎಂದುಕೊಂಡಳು. ಬಡವರಿಗೆ ಇಂಥ ದುರಭ್ಯಾಸ ಇರುತ್ತದೆ, ಕೇಳಿದ್ದನ್ನು ಎದುರಿನವರು ತಮ್ಮಂತೆಯೇ ತಿಳಿದುಕೊಂಡಿದ್ದಾರೆ ಎಂದು ನಂಬುವುದು.

ಮರುದಿನ ಅಂಗಡಿಯ ಕಂಬಕ್ಕೆ ಒಂದು ಬಿಳಿ ಬೋರ್ಡು ಬಂತು, ಅದರ ಮೇಲೆ ಹಳದಿ ಚೀಟಿಗಳು ಬಂದವು. ದಿನಾ ಬೆಳಿಗ್ಗೆ ಅಲ್ಲಿ ನಿಂತ ಸಭೆ. ನಿಂತೇ ಮಾತಾಡಬೇಕು, ಕುಂತರೆ ಮಾತು ಉದ್ದಾಗುತ್ತದೆ ಎಂದು ವಿಕ್ರಮನ ನೇಮ. ಮೊದಲ ದಿನವೇ ಗುರುಶಾಂತ ಗೌಡ ಬಂದ. ಉಳಿದವರು ನಿಲ್ಲುವುದು ಸರಿ, ಗೌಡನೇ ನಿಲ್ಲುವುದು ಹೇಗೆ? ಕುರ್ಚಿ ಬಂತು. ಗೌಡ ಕುಂತ ಮೇಲೆ ದೌಲತರಾಯರು ನಿಂತರೆ ಅವರ ಮನೆತನಕ್ಕೆ ಕುಂದು. ಇನ್ನೊಂದು ಕುರ್ಚಿ ಬಂತು. ದೊಡ್ಡವರು ಕುಂತ ಮೇಲೆ ಚಹಾ ಕೊಡದಿದ್ದರೆ ನಡೆಯುತ್ತದೆಯೇ? ಚಹಾ ಆಯಿತು. ಬರೀ ಚಹಾ ಹ್ಯಾಂಗ ಕೊಡೂದು, ಸುಸಲಾ ಆಯಿತು. ನಿಂತ ಸಭೆ ದಿನಾ ಮಧ್ಯಾಹ್ನದ ಊಟದ ತನಕ ಕುಂತೇ ನಡೆಯಿತು. ಅಲ್ಲಿ ಕೊನೆಯ ತನಕ ನಿಂತವಳು ಪಂಚಶೀಲಾ ಒಬ್ಬಳೇ, ಒಲೆಯ ಮುಂದೆ, ತಡೆದುಕೊಂಡು.

ಕದ ಎಲ್ಲಿ ನಿಲ್ಲಿಸುವುದು ಎಂಬ ಮಾತು ಬಂದಾಗ ಪಂಚಶೀಲಾ ರಸ್ತೆಯಾಚೆ ಕೈ ತೋರಿಸಿದಳು. "ಅಲ್ಲಿ ಗ್ವಾಡಿ ಅದಲ್ರಿ."

"ಅದಕ್ಕ ನಾ ಒಪ್ಪಿಗಿ ಕೊಡಂಗಿಲ್ಲ," ಎಂದರು ದೌಲತರಾಯರು. "ಅದು ಎರಡನೇ ಹಂತಕ್ಕ ಕಾಯಾಕತ್ತ ಕಾಮಗಾರಿ. ಬ್ಯಾರೆಯವರು ಬಂದು ಕದ ಹಚ್ಚಿದ್ರ ನಮ್ಮ ಎರಡನೇ ಹಂತ ರದ್ದಾಗ್ತದ."

"ನಮಗೂ ಹಳೇ ಕಟ್ಟಡ ಬ್ಯಾಡ ಅಕ್ಕಾ," ಎಂದ ವಿಕ್ರಮ. "ಹಳೇದಕ್ಕ ತೇಪಿ ಹಚ್ಚಿದ್ರ ಅದು ನಮ್ಮ ಪ್ರಾಜೆಕ್ಟ್ ಅಂತ ಹ್ಯಾಂಗ ಹೇಳೂದು? ನಮ್ಮದು ಅಂಗಡಿ ಬಾಜೂಕ ಹೊಸದಾಗೇ ಆಗ್ತದ. ಮೊದಲ ಕದ, ಆಮ್ಯಾಲ ಗ್ವಾಡಿ, ಆಮ್ಯಾಲ ಗುಂಡಿ. ನಿಮ್ಮ ಮಾತು ಮಾತ್ರ ಭಾಳ ಬೆಲೆಯುಳ್ಳದ್ದು, ಬರಕೋತೇನಿ."

ಹಳದಿ ಚೀಟಿಯಲ್ಲಿ 'ಗ್ವಾಡಿ' ಎಂದು ಬರೆದು ಬೋರ್ಡಿಗೆ ಅಂಟಿಸಿದ. ಆ ಒಂದು ವಿಷಯದಲ್ಲಿ ಹಳೆಯ ಪದ್ಧತಿ ಹೊಸ ಪದ್ಧತಿ ಎರಡೂ ಕೂಡಿ ಕೈ ಜೋಡಿಸಿದ್ದವು: ರಸ್ತೆ ದಾಟಬಾರದು.

ಇದೇ ಹುಡುಗನ ಸಂಸ್ಥೆ ಆಳಂದದ ಕಿಣ್ಣಿ ಸುಲ್ತಾನದಲ್ಲಿ ಜನಕ್ಕೆ ಮೊದಲು ಏನು ಬೇಕು ಎಂದು ಕೇಳಿ, ನಲ್ಲಿ ಎಂದದ್ದಕ್ಕೆ, ಪೈಪಿಲ್ಲದ ನಲ್ಲಿಯನ್ನು ಕಟ್ಟೆಯ ಮೇಲೆ ನಿಲ್ಲಿಸಿತ್ತು. ಜೇವರ್ಗಿ ಕಡೆಯ ಒಂದೂರಿನಲ್ಲಿ ಬಸ್ಸಿಗೆ ಕಾಯುವವರಿಗೆ ಮೇಲೆ ಮಾಳಿಗೆ ಇಲ್ಲದ, ಕೂಡ್ರುವ ಬಾಕು ಕೊಟ್ಟಿತ್ತು. ಚೌಡಾಪುರದವರಿಗೆ ಇದು ತಿಳಿಯದ್ದಲ್ಲ. ನಮ್ಮೂರಿನದು ಹಾಗಾಗುವುದಿಲ್ಲ ಎಂದುಕೊಂಡರು. ಪ್ರತಿ ಊರೂ ಹೀಗೇ ಅಂದುಕೊಳ್ಳುತ್ತದೆ.

ಚೌಕಟ್ಟು ನಿಲ್ಲಿಸುವ ದಿನ ಗೌಂಡಿ ಹುಲೆಪ್ಪ ಕೈಕಟ್ಟಿ ನಿಂತುಬಿಟ್ಟ. "ಪೂಜಿ ಆಗದ ನಾ ಚೌಕಟ್ಟ ಎಬ್ಬಸಂಗಿಲ್ಲ. ನಮ್ಮಪ್ಪ ಎಬ್ಬಿಸಿಲ್ಲ, ನಮ್ಮಜ್ಜ ಎಬ್ಬಿಸಿಲ್ಲ."

"ಲೇ ಹುಲೆಪ್ಪಾ, ಇದು ಪಾಯಖಾನಿ," ಎಂದಳು ಪಂಚಶೀಲಾ.

"ಪಾಯಖಾನಿ ಎಲ್ಲೈತವ್ವಾ ಇಲ್ಲಿ? ನನ್ನ ಕಣ್ಣಿಗಿ ಚೌಕಟ್ಟ ಅಷ್ಟೇ ಕಾಣಾಕತ್ತದ. ಚೌಕಟ್ಟಿಗಿ ಪೂಜಿ ಬೇಕು."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಈ ಭಾಗದಲ್ಲಿ ಮನೆ ಕಟ್ಟುವಾಗ ಬಾಗಿಲ ಚೌಕಟ್ಟು ಏಳುವುದೆಂದರೆ ಲಗ್ನದಷ್ಟೇ ದೊಡ್ಡ ಕೆಲಸ. ಹಳದಿ ಬಟ್ಟೆಯಲ್ಲಿ ನವಧಾನ್ಯ ಕಟ್ಟಿ ಮೇಲೆ ತೂಗಬೇಕು, ಅರಿಶಿನ ಕುಂಕುಮ ಹಚ್ಚಬೇಕು, ಕಾಯಿ ಒಡೆಯಬೇಕು. ಎಲ್ಲ ಆಯಿತು. ವಿಕ್ರಮ ಫೋಟೋ ಹೊಡೆದುಕೊಂಡು, ಸ್ಥಳೀಯ ಸಂಸ್ಕೃತಿ ನಮ್ಮ ಪ್ರಾಜೆಕ್ಟಿನಲ್ಲಿ ಬೆರೆಯಿತು ಎಂದು ಮೇಲಿನವರಿಗೆ ಕಳಿಸಿದ. ಕಬ್ಬಿಣದ ಕದ ಅಫಜಲಪುರದ ವೆಲ್ಡಿಂಗ್ ಅಂಗಡಿಯಿಂದ ಬಂತು. ಸಂಸ್ಥೆಯ ಬಣ್ಣ ಹಳದಿ, ಕದಕ್ಕೂ ಹಳದಿ ಬಳಿದಿದ್ದರು. ಒಳಗೆ ಹೊಳೆಯುವ ಚಿಲಕ. ಬಯಲಲ್ಲಿ, ಹಿಂದೆ ಇಲ್ಲ ಮುಂದೆ ಇಲ್ಲ, ಒಂದು ಹಳದಿ ಕದ, ಕುಂಕುಮ ಹಚ್ಚಿಕೊಂಡು, ಗೊಂಡೆಹೂವಿನ ಮಾಲೆ ಹಾಕಿಕೊಂಡು ಗಾಣಗಾಪುರದ ರಸ್ತೆಗೆ ಮುಖ ಮಾಡಿ ನಿಂತಿತು.

ಆ ಸಂಜೆ ಬಂದ ಬಸ್ಸಿನಿಂದ ಇಳಿದ ಮುದುಕಪ್ಪನೊಬ್ಬ ಚಪ್ಪಲಿ ಬಿಟ್ಟು ಕದಕ್ಕೆ ಕೈ ಮುಗಿದ.

ಮುಂದಿನದನ್ನು ಯಾರೂ ಯೋಜನೆ ಹಾಕಲಿಲ್ಲ, ಯಾರೂ ಮಂಜೂರು ಮಾಡಲಿಲ್ಲ. ಒಬ್ಬ ಕೈ ಮುಗಿದದ್ದು ನೋಡಿ ಇನ್ನೊಬ್ಬ ಮುಗಿದ. ಒಬ್ಬಾಕೆ ಕದ ತೆರೆದು ಈ ಕಡೆಯಿಂದ ಆ ಕಡೆಗೆ ದಾಟಿದಳು. ದಾಟಿದರೆ ಸಂಕಟ ಈಚೆಗೇ ಉಳಿಯುತ್ತದೆ ಎಂದು ಮರುದಿನದ ಬಸ್ಸಿನಲ್ಲಿ ಸುದ್ದಿ ಬಂತು. ವಾರ ಕಳೆಯುವುದರೊಳಗೆ ಅದಕ್ಕೆ ಬಾಗಿಲವ್ವ ಎಂದು ಹೆಸರಾಯಿತು, ಲಗ್ನವಾಗದವರಿಗೆ ಲಗ್ನ ಮಾಡಿಸುವ ಜವಾಬ್ದಾರಿಯೂ ಬಂತು. ಯಾರೋ ತೊಟ್ಟಿಲು ಕಟ್ಟಿದರು. ಯಾರೋ ಚಿಲಕಕ್ಕೆ ಹಸಿರು ಬಳೆ ಏರಿಸಿದರು.

ಹಳದಿ ಚೀಟಿಯ 'ಗ್ವಾಡಿ' ಅಲ್ಲಿಗೇ ನಿಂತಿತು. ಹುಲೆಪ್ಪನನ್ನು ಗುಂಡಿ ತೋಡು ಎಂದರೆ ಕಿವಿ ಮುಟ್ಟಿಕೊಂಡ. "ಅವ್ವನ ಬೆನ್ನ ಹಿಂದ ಪಾಯಖಾನಿ ಗುಂಡಿ ತೋಡಿ ನಾ ಎಲ್ಲಿ ಹೋಗ್ಲಿ?"

"ಅವ್ವನ್ನ ಎಬ್ಬಿಸಿದಾಂವ ನೀನ ಅಲ್ಲೇನಲೇ?"

"ಎಬ್ಬಿಸೂದು ನಮ್ಮ ಕೈಯಾಗ ಅದ, ಇಳಿಸೂದು ಇಲ್ಲ," ಎಂದು ಸಲಿಕೆ ಹೆಗಲಿಗೇರಿಸಿ ಹೋದ.

ಪಂಚಶೀಲಾ ವಿಕ್ರಮನನ್ನು ಹಿಡಿದಳು. ಆತನ ಮುಖದಲ್ಲಿ ಹಿಂದೆಂದಿಗಿಂತ ಹೆಚ್ಚು ನಗು. "ಅಕ್ಕಾ, ಮೂರು ತಾಲ್ಲೂಕಿನ್ಯಾಗ ಎಲ್ಲಕ್ಕಿಂತ ಜಾಸ್ತಿ ಜನ ಬಳಸಾಕತ್ತಿದ್ದು ನಮ್ಮ ಕದಾನ. ಕಿಣ್ಣಿ ಸುಲ್ತಾನದ ನಲ್ಲಿ ಒಬ್ರೂ ಮುಟ್ಟಿಲ್ಲ."

"ಇದು ಪಾಯಖಾನಿ ಕದ ಅಲ್ರಿ ಸರ್?"

"ಬಳಸೋರು ಹ್ಯಾಂಗ ಬಳಸ್ತಾರೋ ಅದ ಖರೆ. ನಾವು ನಮ್ಮ ವಿಚಾರ ಅವರ ಮ್ಯಾಲ ಹೇರಬಾರದು. ಇದ ಅಜೈಲ್."

ದೌಲತರಾಯರ ಕಡೆ ಹೋದಳು. ಅವರು ಟೇಬಲ್ಲಿನ ಮೇಲೆ ದೊಡ್ಡ ಹಾಳೆ ಹಾಸಿಕೊಂಡು ಬಾಗಿಲವ್ವನಿಗೆ ಮಂಟಪದ ನಕಾಶೆ ಬರೆಯುತ್ತಿದ್ದರು. ಗುರುಶಾಂತ ಗೌಡ ಹೇಳಿದ್ದನಂತೆ.

"ನೋಡು, ನಿಮ್ಮದನ್ನೂ ಮರ್ತಿಲ್ಲ," ಎಂದು ಪೆನ್ನಿನ ತುದಿಯಲ್ಲಿ ತೋರಿಸಿದರು. ಮೊದಲ ಹಂತ ಪಾಯಾ, ಎರಡನೇ ಹಂತ ಮಂಟಪ, ಮೂರನೇ ಹಂತ ಶಿಖರ, ನಾಲ್ಕನೇ ಹಂತದಲ್ಲಿ ಭಕ್ತರ ಅನುಕೂಲಕ್ಕೆ ಮಹಿಳಾ ಶೌಚಾಲಯ.

"ಅದಕ್ಕ ಕದ ಇರ್ತದೇನ್ರಿ?"

"ಐದನೇ ಹಂತ."

ಇಷ್ಟಕ್ಕೇ ಮುಗಿಯಲಿಲ್ಲ. ಬಾಗಿಲವ್ವ ಬಂದಮೇಲೆ ಕ್ರಾಸಿನಲ್ಲಿ ಜನ ಹೆಚ್ಚಿದರು, ಜನ ಹೆಚ್ಚಿದಂತೆ ಚಹಾ ಹೆಚ್ಚಿತು, ಚಹಾ ಹೆಚ್ಚಿದಂತೆ ಪಂಚಶೀಲಾಗೆ ಒಲೆಯ ಮುಂದಿನಿಂದ ಅಲುಗಲು ಫುರಸತ್ತಿಲ್ಲ. ಹುಸೇನಬೀಯ ಬುಟ್ಟಿಯಲ್ಲಿ ಹೂ ಮಧ್ಯಾಹ್ನಕ್ಕೇ ಖಾಲಿ. ಕಾಯಿ, ಊದಿನಕಡ್ಡಿ, ಹಸಿರು ಬಳೆಯನ್ನೂ ಇಟ್ಟುಕೊಂಡಳು. ಇಷ್ಟು ವರ್ಷ ಜೋಡಿಯಾಗಿ ತೊಗರಿ ಹೊಲಕ್ಕೆ ಹೋಗಿ ಒಬ್ಬರಿಗೊಬ್ಬರು ಕಾವಲು ನಿಂತವರ ನಡುವೆ ಮೊದಲ ಸಲ ಮಾತು ಕಡಿಮೆಯಾಯಿತು.

"ಈ ಕದಕ್ಕ ಒಂದು ಗತಿ ಕಾಣಸಬೇಕು ಆಪಾ," ಎಂದಳು ಪಂಚಶೀಲಾ ಒಂದು ದಿನ.

ಹುಸೇನಬೀ ಹೂವಿಗೆ ನೀರು ಚಿಮುಕಿಸುತ್ತ, "ಇರ್ಲಿ ಬಿಡು ಬೇ. ಕಿಸೀಕೊ ಕ್ಯಾ ತಕಲೀಫ್? ಯಾರಿಗೇನ ತ್ರಾಸ?" ಎಂದಳು.

"ನನ್ನ ಕಿಡ್ನಿ?"

"ನಿನ್ನ ಕಿಡ್ನಿ ಎಂಟ ವರ್ಷ ತಡದದ. ಇನ್ನ ಜರಾ ದಿನ ತಡೀತದ. ನನಗ ಮಾಳಗಿಗೆ ತಗಡ ಹಾಕಸೂದ ಅದ."

"ನೀನೂ ಹಂತ ಹಂತ ಮಾಡಾಕತ್ತಿ ಅನ್ನು," ಎಂದು ಪಂಚಶೀಲಾ ಬೆನ್ನು ತಿರುಗಿಸಿದಳು.

ಎಳ್ಳಮಾಸಿ ಬಂತು. ಹೊಲದವರು ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ ಉಂಡರು. ಆಮೇಲೆ ಮಿಷನ್ನು ಬಂದು ತೊಗರಿಯನ್ನು ಬುಡಮಟ್ಟ ಕತ್ತರಿಸಿಕೊಂಡು ಹೋಯಿತು. ಅಂಗಡಿಯ ಹಿಂದೆ ಈಗ ಬರೀ ಕೂಳೆ. ಆಚೆ ದೂರದಲ್ಲಿ ನಿಂತ ಎಮ್ಮೆ ಕೂಡ ನಿಚ್ಚಳವಾಗಿ ಕಾಣುತ್ತಿತ್ತು, ಎಮ್ಮೆಗೆ ಪಂಚಶೀಲಾ ಕಾಣುತ್ತಿದ್ದಳು. ಹೊಟ್ಟೆಯ ಕೆಳಗೆ ಮತ್ತೆ ಉರಿ ಶುರುವಾಯಿತು. ರಾತ್ರಿ ಜ್ವರಕ್ಕೆ ಮೈ ಕಾಯುತ್ತಿತ್ತು.

ಒಂದು ನಡುಮಧ್ಯಾಹ್ನ. ಎರಡು ಬಸ್ಸು ಒಟ್ಟಿಗೆ ಬಂದು ನಿಂತಿದ್ದವು. ಬಾಗಿಲವ್ವನ ಮುಂದೆ ಜನವೋ ಜನ. ಪಂಚಶೀಲಾ ಭಜಿ ತಿರುವುತ್ತಿದ್ದವಳು ಸಟ್ಟುಗ ಬಾಣಲೆಯ ಅಂಚಿಗಿಟ್ಟು ಹಾಗೇ ನಿಂತಳು. ಇನ್ನು ಆಗುವುದಿಲ್ಲ. ಇಷ್ಟು ವರ್ಷ ತಡೆದದ್ದು ಆ ಗಳಿಗೆಗೆ ಮುಗಿಯಿತು. ಮುಂದೆ ಎರಡೇ ದಾರಿ. ಜನರ ನಡುವೆ ಸೀರೆಯಲ್ಲೇ ಆಗುವುದು, ಇಲ್ಲಾ ಬೇರೇನಾದರೂ.

ಒಲೆ ಆರಿಸಿದಳು. ಸೀರೆ ಮೇಲಕ್ಕೆ ಸಿಗಿಸಿದಳು. ಜನ ಸರಿಸಿ ಕದದ ಹತ್ತಿರ ಹೋಗಿ, ಕೆಳಗಿನಿಂದ ಎರಡೂ ಕೈ ಹಾಕಿ ಮೇಲಕ್ಕೆತ್ತಿದಳು. ಮೊಳೆಯ ಮೇಲೆ ಕೂಡ್ರಿಸಿದ ಕದ, ಕರ್ ಎಂದು ಸದ್ದು ಮಾಡಿ ಕೈಗೆ ಬಂತು. ಹಾರ, ಬಳೆ, ತೊಟ್ಟಿಲು ಸಮೇತ.

ಜನ ಎರಡು ಹೆಜ್ಜೆ ಹಿಂದೆ ಸರಿಯಿತು. ಒಬ್ಬಳಿಗೇ ಹೊರಲು ಅದು ಭಾರ. ಪಂಚಶೀಲಾ ಓಲಾಡಿದಳು. ಹುಸೇನಬೀ ಕುಂತಲ್ಲಿಂದಲೇ ನೋಡಿದಳು. ತನ್ನ ಕಾಯಿ, ತನ್ನ ಊದಿನಕಡ್ಡಿ, ತನ್ನ ಮಾಳಿಗೆಯ ತಗಡು ಎಲ್ಲವನ್ನೂ ಒಮ್ಮೆ ನೋಡಿದಳು. ಆಮೇಲೆ ಪಂಚಶೀಲಾಳ ಮುಖ ನೋಡಿದಳು. ಆ ಮುಖ ಹೆಂಗಸಿಗೆ ಗೊತ್ತಾಗುವಂಥದ್ದು. ಬುಟ್ಟಿ ಬದಿಗೆ ನೂಕಿ ಎದ್ದು ಬಂದು ಕದದ ಇನ್ನೊಂದು ತುದಿ ತಲೆಯ ಮೇಲೆ ತೆಗೆದುಕೊಂಡಳು.

"ನಡಿ ಬೇ," ಎಂದಳು. "ನನಗೂ ಮುಂಜಾನಿಂದ ಹಂಗ ಆಗ್ಯದ."

"ಕೋಠೆ ನೇತಾ ಬಾಯಿ?" ಎಲ್ಲಿಗೆ ಒಯ್ಯುತ್ತೀರಿ ಎಂದು ಯಾತ್ರೆಯ ಹೆಂಗಸೊಬ್ಬಳು ಮರಾಠಿಯಲ್ಲಿ ಕೇಳಿದಳು. ಬಾರ್ಶಿ ಕಡೆಯ ಮಥುರಾಬಾಯಿ ಎಂಬ ದಪ್ಪನೆಯ ಅಜ್ಜಿ.

"ಅವ್ವಗ ಮನಿ ತೋರ್ಸಾಕ," ಎಂದಳು ಹುಸೇನಬೀ.

ಅರಿಶಿನ ಕುಂಕುಮ ಹಚ್ಚಿದ್ದನ್ನು ಯಾರಾದರೂ ತಲೆಯ ಮೇಲೆ ಹೊತ್ತು ನಡೆದರೆ ಈ ನೆಲದಲ್ಲಿ ತಡೆಯುವವರಿಲ್ಲ. ದಾರಿ ಬಿಡುವುದಷ್ಟೇ ಗೊತ್ತು. ಬಿಟ್ಟರು. ಕೆಲವರು ಹಿಂದೆ ಬಂದರು, ಅವರ ಹಿಂದೆ ಎಲ್ಲರೂ ಬಂದರು. ಯಾರೋ ಜೈ ಎಂದರು. ಎರಡೂ ಬಸ್ಸಿನ ಡ್ರೈವರುಗಳು ಎಂಜಿನ್ ಬಂದ್ ಮಾಡಿ ಕೈ ಮುಗಿದರು. ಮುಂದೆ ಇಬ್ಬರು ಹೆಂಗಸರು, ತಲೆಯ ಮೇಲೆ ಕದ, ಹಿಂದೆ ಭಕ್ತರು, ಹೀಗೆ ಚೌಡಾಪುರದಲ್ಲಿ ಎರಡು ಪದ್ಧತಿಗಳು ಇಷ್ಟು ದಿನ ದಾಟಬಾರದೆಂದ ರಸ್ತೆಯನ್ನು ಕದ ದಾಟಿತು.

ಪಾಯಖಾನೆಯೊಳಗೆ ಇಸ್ಪೀಟಿನವರು ಇದ್ದರು.

"ಏಳ್ರಿ," ಎಂದಳು ಪಂಚಶೀಲಾ.

"ಆಟ ಅರ್ಧ ಆಗ್ಯದವ್ವಾ."

"ನಂದು ಅರ್ಧಾನೂ ಆಗಿಲ್ಲ. ಏಳ್ತೀರೋ, ಕುಂತಲ್ಲೇ ನೋಡ್ತೀರೋ?"

ಎದ್ದರು. ಎಲೆಗಳನ್ನೂ ಬಿಟ್ಟು ಹೋದರು. ಹುಸೇನಬೀ ಹಲಗೆ ಎತ್ತಿ ಹೊರಗೆ ಎಸೆದಳು. ದೌಲತರಾಯರ ಚೌಕಟ್ಟಿನ ಎರಡು ಮೊಳೆ ಎಂಟು ವರ್ಷದಿಂದ ಕದಕ್ಕೆ ಕಾಯುತ್ತಿದ್ದವು. ವಿಕ್ರಮನ ಕದ ಅವುಗಳ ಮೇಲೆ ಹೇಳಿ ಮಾಡಿಸಿದಂತೆ ಕುಂತಿತು. ಕುಳಿತುಕೊಳ್ಳದೆ ಏನು? ತಾಲ್ಲೂಕಿಗೆಲ್ಲ ಅದೊಂದೇ ವೆಲ್ಡಿಂಗ್ ಅಂಗಡಿ, ಅಲ್ಲಿಯವನಿಗೆ ಗೊತ್ತಿದ್ದದ್ದು ಒಂದೇ ಅಳತೆ. ಪಂಚಶೀಲಾ ಒಳಗೆ ಹೋಗಿ ಬಳೆ ಸರಿಸಿ ಚಿಲಕ ಹಾಕಿದಳು.

ಹೊರಗೆ ಭಕ್ತರು ಕೈ ಮುಗಿದು ನಿಂತಿದ್ದರು. ಒಳಗಿನಿಂದ ಯಾವ ಮಂತ್ರವೂ ಬರಲಿಲ್ಲ. ಬಂದ ಸದ್ದು ಎಲ್ಲರಿಗೂ ಗುರುತಿನದೇ. ಗಂಡಸರು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ತಮ್ಮ ಮುಗಿದ ಕೈ ನೋಡಿಕೊಂಡರು, ಆಮೇಲೆ ಏನೋ ನೆನಪಾದಂತೆ ಬಸ್ಸಿನ ಕಡೆ ಹೊರಟರು. ಒಬ್ಬ ಬಿಸಿರಕ್ತದವ "ಇದೇನು ಅನಾಚಾರ" ಎಂದು ಮುಂದೆ ಬಂದ.

ಮಥುರಾಬಾಯಿ ಅವನ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿದಳು. ಚಿಲಕ ತೆಗೆದ ಸದ್ದಾಯಿತು. ಪಂಚಶೀಲಾ ಹೊರಗೆ ಬಂದಳು.

"ಝಾಲಂ ಕಾ ಬಾಯಿ?" ಆಯಿತೇನವ್ವಾ ಎಂದಳು ಮಥುರಾಬಾಯಿ.

"ಆತ್ರಿ. ಹೋಗ್ರಿ. ಖಾಲಿ ಅದ."

ಅಜ್ಜಿ ಸೆರಗು ಸಿಗಿಸಿಕೊಂಡು ಒಳಗೆ ಹೋಗಿ ಚಿಲಕ ಹಾಕಿದಳು. ಆಕೆಯ ಹಿಂದೆ ಹುಸೇನಬೀ ನಿಂತಳು. ಹುಸೇನಬೀಯ ಹಿಂದೆ ಎರಡೂ ಬಸ್ಸಿನ ಹೆಂಗಸರು. ಬಾಗಿಲವ್ವನ ಮುಂದೆ ಇಷ್ಟು ದಿನ ನಿಂತ ಯಾವ ಸಾಲೂ ಅಷ್ಟು ಉದ್ದ ಇರಲಿಲ್ಲ, ಅಷ್ಟು ಭಕ್ತಿಯೂ ಇರಲಿಲ್ಲ. ಡ್ರೈವರುಗಳು ಹಾರ್ನ್ ಒತ್ತಿ ಒತ್ತಿ ಹೈರಾಣಾದರು.

ಸಂಜೆಗೆ ಗುರುಶಾಂತ ಗೌಡ ಬಂದ, ದೌಲತರಾಯರು ಬಂದರು, ವಿಕ್ರಮ ಬಂದ. ಕದ ಕದ್ದದ್ದು ಯಾರು ಎಂದು ಕೇಳಲು ಬಂದವರು, ಹೆಂಗಸರ ಸಾಲು ನೋಡಿ, ಈ ಕೆಲಸ ಮಾಡಿದ್ದು ಯಾರು ಎಂಬ ಜಗಳಕ್ಕೆ ತಿರುಗಿದರು.

"ಗ್ವಾಡಿ ನಮ್ಮದು," ಎಂದರು ದೌಲತರಾಯರು. "ಗಟ್ಟಿ ಯೋಜನೆ ಇತ್ತು, ಅದಕ್ಕೇ ಇಷ್ಟ ದಿನ ನಿಂತದ."

"ಕದ ನಮ್ಮದು ಸರ್," ಎಂದ ವಿಕ್ರಮ. "ಬಳಸೋರು ತಾವ ಬದಲಾವಣಿ ಮಾಡಿಕೊಂಡಾರ. ಇದಕ್ಕಿಂತ ದೊಡ್ಡ ಗೆಲುವು ಯಾವುದದ?"

ಗೌಡ ಎರಡು ಬೋರ್ಡು ಹಾಕಿಸಿದ, ಎಡಕ್ಕೊಂದು ಬಲಕ್ಕೊಂದು. ದೌಲತರಾಯರ ವರದಿ ಕೊನೆಗೂ ಮೇಲೆ ಹೋಯಿತು: ಮೊದಲ ಹಂತವನ್ನು ಊರ ಹೆಂಗಸರು ಬಳಸುತ್ತಿದ್ದಾರೆ. ಮಳೆಗಾಲ ಹತ್ತುವಾಗ ಎರಡನೇ ಹಂತ ಮಂಜೂರಾಗಿ ಬಂತು. ನೀರಿನ ಟಾಕಿ ಒಂದು, ಕದ ಒಂದು.

ಟಾಕಿ ಇಟ್ಟರು. ಕದ ಹಿಡಿದುಕೊಂಡು ಹುಲೆಪ್ಪ ಗೌಂಡಿ ರಸ್ತೆಯ ನಡುವೆ ನಿಂತ. ಕದ ಆಗಲೇ ಇದ್ದ ಚೌಕಟ್ಟಿಗೆ 'ಕದ ಅಳವಡಿಸಿದೆ' ಎಂದು ವರದಿಯಲ್ಲಿ ಬರೆಯಬೇಕಿತ್ತು. ವಾಪಸು ಕಳಿಸಿದರೆ ಕಾಮಗಾರಿ ಅಪೂರ್ಣ. ಕೊನೆಗೆ ಹುಸೇನಬೀಯೇ ದಾರಿ ತೋರಿಸಿದಳು. ಅಂಗಡಿಯ ಬಾಜುವಿನ ಖಾಲಿ ಚೌಕಟ್ಟು ತೋರಿಸಿ, "ಅಲ್ಲಿ ಹಾಕು. ಅವ್ವ ಉಪವಾಸ ಅದಾಳ," ಎಂದಳು. ಹಾಕಿದ. ಮತ್ತೆ ಕುಂಕುಮ ಏರಿತು, ಬಳೆ ಏರಿತು, ಹುಸೇನಬೀಯ ಮಾಳಿಗೆಗೆ ತಗಡು ಬಂತು. ಹಳೆಯ ಪದ್ಧತಿಯ ಕದ ದೇವರಾಯಿತು, ಹೊಸ ಪದ್ಧತಿಯ ಕದ ಪಾಯಖಾನೆಯಾಯಿತು. ಇದರಲ್ಲಿ ಯಾವುದು ಮೇಲು ಎಂಬುದರ ಮೇಲೆ ಇಬ್ಬರೂ ಇವತ್ತಿಗೂ ಪಂಚಶೀಲಾಳ ಅಂಗಡಿಯಲ್ಲಿ ಕುಂತು ವಾದ ಮಾಡುತ್ತಾರೆ. ಕುರ್ಚಿಗಳು ಆ ನಿಂತ ಸಭೆಯವೇ.

ಮೊನ್ನೆಯೂ ನಡೆದಿತ್ತು. ಬಿಸಿಲು ನೆತ್ತಿಗೆ ಬಂದ ಹೊತ್ತು. "ನೀನ ಹೇಳು ಪಂಚಶೀಲಾ," ಎಂದರು ದೌಲತರಾಯರು. "ಎಲ್ಲಾ ಮೊದಲ ಬರದು ಮಾಡೂದು ಬರೋಬರಿಯೋ, ಈ ಹುಡುಗ ಹೇಳಿದಂಗ ತುತ್ತ ತುತ್ತ ಮಾಡೂದು ಬರೋಬರಿಯೋ?"

ಪಂಚಶೀಲಾ ಕೊಡದಿಂದ ದೊಡ್ಡ ತಂಬಿಗೆ ತುಂಬ ನೀರು ತೆಗೆದು, ಅವರಿಬ್ಬರ ಎದುರೇ ಗಟಗಟ ಕುಡಿದಳು. ನಡುವೆ ಉಸಿರು ತೆಗೆದುಕೊಂಡು ಮತ್ತೆ ಕುಡಿದಳು. ತಂಬಿಗೆ ಬೋರಲು ಹಾಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹಾಲು ಒಲಿ ಮ್ಯಾಲ ಅದ. ಇಬ್ಬರೂ ಎದ್ದು ನಿಂತು ನೋಡಕೋತ ಇರ್ರಿ," ಎಂದಳು. "ನಾ ಹೋಗಿ ಬರ್ತೇನಿ."

ರಸ್ತೆ ದಾಟಿ ಹೋದಳು. ಆ ಕಡೆಯಿಂದ ಚಿಲಕ ಹಾಕಿದ ಸದ್ದು ಅಂಗಡಿಯ ತನಕ ಕೇಳಿಸಿತು.